ಉಣಗೋಲು ತೆಗೆದ ದಿನ

ಕೊಪ್ಪಕ್ಕೆ ಬಂದ ಮೊದಲ ವಾರವೇ ಶಾಲೆಯೊಂದರ ಹಿಂಬದಿಯ ಕೋಣೆಯ ಬಾಗಿಲಿಗೆ ಉಣಗೋಲು ಹಾಕಿದ್ದನ್ನು ಕಂಡೆ. ದನ ನುಗ್ಗದಂತೆ ಎರಡು ಕಂಬಗಳ ನಡುವೆ ಅಡ್ಡ ತೂರಿಸುವ ಗಳುಗಳಿಗೆ ಇಲ್ಲಿ ಆ ಹೆಸರು. ಗಳುಗಳ ಹಿಂದೆ ಎಂಟು ವರ್ಷದ ಆಫ್ರೀನ್ ಕಿವಿ ಮುಚ್ಚಿಕೊಂಡು ಕುಳಿತಿದ್ದಳು.

ಆಟಿಸಂ ಇರುವ ಮಕ್ಕಳ ತಂದೆತಾಯಿಯರ ಜೊತೆ ಶಾಲೆಗೆ ಹೋಗಿ ಮಾತನಾಡುವುದು ನನ್ನ ಕೆಲಸ. ನನ್ನೂರು ವಿಜಯಪುರದಲ್ಲಿ ಅನ್ಯಾಯ ಗಟ್ಟಿ ದನಿಯಲ್ಲಿ ಬರುತ್ತಿತ್ತು. ನಾನೂ ಗಟ್ಟಿಯಾಗಿಯೇ ಎದುರಿಸುತ್ತಿದ್ದೆ. ಇಲ್ಲಿ ಮುಖ್ಯೋಪಾಧ್ಯಾಯರು ಮೊದಲು ಬೆಲ್ಲ, ನೀರು ಕೊಟ್ಟರು. ಅದನ್ನು ಕುಡಿದ ಬಾಯಲ್ಲಿ ಜಗಳ ತೆಗೆಯುವುದು ಹೇಗೆ?

"ಕಟ್ಟಿ ಹಾಕಿದ್ದಲ್ಲ ಮಾರಾಯ್ರೇ. ಗಂಟೆ ಹೊಡೆದ ಕೂಡ್ಲೇ ಓಡ್ತಾಳೆ. ಕಾಡಿಗೆ ಹೋದ್ರೆ ಎಂತ ಮಾಡೋದು?"

ಅವರ ಭಯ ಸುಳ್ಳಲ್ಲ. ನಮ್ಮ ಬಯಲಿನಲ್ಲಿ ಓಡುವ ಮಗು ಬಹುದೂರದವರೆಗೆ ಕಾಣುತ್ತದೆ. ಇಲ್ಲಿ ಅಂಗಳ ದಾಟಿದರೆ ಮರಗಳು, ಅದರಾಚೆ ಹೊಳೆ. ಆದರೂ ಮಗುವನ್ನು ಕೂಡಿಹಾಕುವುದು ತಪ್ಪು; ಅದನ್ನು ಕಾಳಜಿಯೆಂದು ಕರೆಯುವುದು ಇನ್ನೊಂದು ತಪ್ಪು. ನಾನು ಹಾಗೆನ್ನುವ ಮೊದಲೇ ಆಫ್ರೀನಳ ತಾಯಿ, ಪೇಟೆಯಲ್ಲಿ ಬಳೆ ಅಂಗಡಿ ನಡೆಸುವ ನಸೀಮಾ, ಕೇಳಿದರು:

"ತೊಂದ್ರೆ ಕೊಡೋದು ಗಂಟೆ ಸರ್. ಅದನ್ನ ಬಿಟ್ಟು ನನ್ ಮಗ್ಳನ್ನ ಯಾಕೆ ಕೂಡಿ ಹಾಕ್ತೀರಿ?"

"ಗಂಟೆ ಇಲ್ದೆ ಶಾಲೆ ನಡೀತದಾ?"

"ಊಟದ ಗಂಟೆ ಮಕ್ಳ ಹೊಟ್ಟೇಲೇ ಹೊಡೀತದೆ ಸರ್."

ಮುಖ್ಯೋಪಾಧ್ಯಾಯರು ನಕ್ಕುಬಿಟ್ಟರು. ಆಮೇಲೆ ಗಂಭೀರವಾದರು. "ಉಣಗೋಲು ತೆಗೀತೇನೆ. ಕೂಸಿಗೆ ಏನಾದ್ರೂ ಆದ್ರೆ ನೀವೇ ಹೊಣೆ."

"ಶಾಲೆಯ ಹೊಣೆಯನ್ನು ತಾಯಿಯ ತಲೆಗೆ ಕಟ್ಟುವಂತಿಲ್ಲ ಸರ್," ಎಂದೆ.

ಮರುದಿನ ಉಣಗೋಲು ಇರಲಿಲ್ಲ. ಗಂಟೆಯ ಬದಲು ಟೀಚರ್ ಹಸಿರು ಬಟ್ಟೆ ಬೀಸುವುದೆಂದು ತೀರ್ಮಾನವಾಗಿತ್ತು. ನಸೀಮಾ ಮತ್ತು ನಾನು ಜಗಲಿಯಲ್ಲಿ ಕಾದೆವು. ಮಧ್ಯಾಹ್ನ ಅಡುಗೆಯಾಕೆ ಅಭ್ಯಾಸಬಲದಿಂದ ಗಂಟೆ ಬಾರಿಸಿಬಿಟ್ಟರು. ತರಗತಿಗೆ ಧಾವಿಸಿದೆ, ಆಫ್ರೀನಳ ಜಾಗ ಖಾಲಿ.

ಅಂಗಳದ ಅಂಚಿಗೆ ಓಡಿದೆ. ಮರಗಳ ನಡುವೆ ಏನೂ ಅಲುಗಲಿಲ್ಲ. ಬಾಗಿಲು ತೆರೆಸಿದವಳು ನಾನೇ. ಹೆಸರು ಹಿಡಿದು ಕೂಗಿದೆ.

"ಕೂಗ್ಬೇಡಿ ಮೇಡಂ," ನಸೀಮಾರ ದನಿ ಹಿಂದಿನಿಂದ ಬಂತು. "ಇಲ್ಲೇ ಇದ್ದಾಳೆ."

ಅವಳು ಅದೇ ಹಿಂಬದಿಯ ಕೋಣೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಸದ್ದು ಅಷ್ಟಾಗಿ ಮುಟ್ಟದ ಜಾಗ ಅದೊಂದೇ. ನಿನ್ನೆ ಅದು ಸೆರೆಯಾಗಿತ್ತು; ಇಂದು ತಾನಾಗಿಯೇ ಬಂದಿದ್ದಳು. ಸ್ವಲ್ಪ ಹೊತ್ತಿನ ಬಳಿಕ ಎದ್ದು, ಯಾರೂ ಕರೆಯದೆ, ಊಟದ ಸಾಲಿಗೆ ಹೋದಳು.

ಗಳುಗಳನ್ನು ಮಾತ್ರ ಎಸೆದಿಲ್ಲ. ಕಂಬದ ಪಕ್ಕದಲ್ಲೇ ಒರಗಿಸಿಟ್ಟಿದ್ದಾರೆ. ದಿನವೂ ಆ ದಾರಿಯಲ್ಲಿ ಹೋಗುವಾಗ ಮೊದಲು ಅತ್ತ ನೋಡುತ್ತೇನೆ.

ಹಬ್ಬಕ್ಕೆ ಬಾ ಎಂದು ವಿಜಯಪುರದಿಂದ ಮನೆಯವರು ಕರೆಯುತ್ತಾರೆ. ಹೋಗುತ್ತೇನೆ. ಕಣ್ಣಿಗೆ ತಡೆಯೇ ಇಲ್ಲದ ನಮ್ಮ ಬಯಲಿಗಾಗಿ ಜೀವ ಹಂಬಲಿಸುತ್ತದೆ. ಆದರೆ ಅಲ್ಲಿಂದ ಈ ಬಾಗಿಲು ಕಾಣುವುದಿಲ್ಲ.