ರೋಲರ್ ಹಿಂದಿನ ಗಾಲಿಮನೆ

ಆಗೆಲ್ಲ ನಮ್ಮ ಕಡೆ ಒಂದು ರಸ್ತೆಗೆ ಡಾಂಬರು ಬೀಳುತ್ತದೆ ಎಂದರೆ ಊರಿಗೇ ಸುದ್ದಿ. ಹೊಗೆಯಾಡುವ ಡ್ರಮ್ಮು, ಜಲ್ಲಿಯ ರಾಶಿ, ಕಾಲಿಗೆ ಗೋಣಿ ಸುತ್ತಿಕೊಂಡ ಕೂಲಿಯವರು, ಇವರೆಲ್ಲರ ನಡುವೆ ಹಿಂದೆ ಮುಂದೆ ಓಡಾಡುವ ರೋಡ್ ರೋಲರ್. ನಿಮ್ಮಲ್ಲಿ ಎಷ್ಟೋ ಜನ ಶಾಲೆಗೆ ಹೋಗುವಾಗ ಅದನ್ನು ನೋಡುತ್ತ ನಿಂತು ಮೇಷ್ಟ್ರ ಹತ್ತಿರ ಬೈಸಿಕೊಂಡಿರುತ್ತೀರಿ. ಆದರೆ ಒಂದೊಂದು ರೋಲರಿನ ಹಿಂದೆ ನಾಲ್ಕು ಗಾಲಿಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತಲ್ಲ, ಅದನ್ನು ಯಾರೂ ಅಷ್ಟಾಗಿ ಗಮನಿಸಿರಲಿಕ್ಕಿಲ್ಲ. ಅಂಥದೊಂದರೊಳಗೆ ನಾವಿದ್ದೆವು.

ಅಪ್ಪ ಒಬ್ಬ ಕಂಟ್ರಾಕ್ಟರ ರೋಲರ್ ಓಡಿಸುತ್ತಿದ್ದರು. ಗಾಲಿಮನೆಯೂ ಕಂಟ್ರಾಕ್ಟರದೇ. ಎರಡು ಹಲಗೆ ಮಂಚ, ಒಂದು ಕಿಟಕಿ, ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ, ಹಗ್ಗದಲ್ಲಿ ಕಟ್ಟಿದ ಶಾರದಾಂಬೆಯ ಪಟ. ಆ ವರ್ಷ ನನ್ನ ನಾಲ್ಕನೇ ತರಗತಿ ಮುಗಿದ ಮೇಲೆ ಅಮ್ಮ ನರಸಿಂಹರಾಜಪುರದ ಬಾಡಿಗೆ ಮನೆ ಬಿಟ್ಟು, ನನ್ನನ್ನೂ ಎರಡು ವರ್ಷದ ತಮ್ಮನನ್ನೂ ಕರೆದುಕೊಂಡು ಅಪ್ಪನ ಜೊತೆ ಹೊರಟಳು. ಬೇರೆ ಬೇರೆ ಕಡೆ ಎರಡು ಒಲೆ ಉರಿಸಿ ಸಾಕಾಗಿತ್ತು ಅವಳಿಗೆ. ಶಾಲೆ ಶುರುವಾಗುವ ಹೊತ್ತಿಗೆ ಎಲ್ಲಾದರೂ ಒಂದು ದಾರಿ ದೇವರು ತೋರಿಸ್ತಾನೆ ಎನ್ನುತ್ತಿದ್ದಳು.

ರೋಲರಿನ ವೇಗ ಮನುಷ್ಯ ನಡೆದಷ್ಟೇ. ನಾನು ಪಕ್ಕದಲ್ಲಿ ನಡೆಯುತ್ತ, ಬೇಲಿಯ ಕೌಳಿಹಣ್ಣು ಕಿತ್ತು ಲಂಗದ ಮಡಿಲು ತುಂಬಿಸಿಕೊಂಡು, ಮತ್ತೆ ಓಡಿಹೋಗಿ ಸೇರಿಕೊಳ್ಳುತ್ತಿದ್ದೆ. ಕೆಲಸ ಮುಗಿದ ಸಂಜೆ, ಹೊಸ ರಸ್ತೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುವುದು. ಕಾಲಡಿಗೆ ಇನ್ನೂ ಬಿಸಿ ಇರುತ್ತಿತ್ತು. ಡೀಸೆಲ್ಲು, ಡಾಂಬರು, ಅಮ್ಮ ಸುಟ್ಟ ಹಲಸಿನ ಬೀಜ, ಈ ಮೂರರ ವಾಸನೆ ಒಟ್ಟಿಗೆ ಬಂದರೆ ನನಗೆ ಈಗಲೂ ಹಸಿವಾಗುತ್ತದೆ.

ಒಂದು ಊರಿಂದ ಇನ್ನೊಂದು ಊರಿಗೆ ಹೋಗುವಾಗ ದಾರಿಯಲ್ಲಿ ಎರಡು ಮೂರು ರಾತ್ರಿ ಕಳೆಯಬೇಕಾಗುತ್ತಿತ್ತು. ಎಲ್ಲಿ ನಿಲ್ಲುವುದು ಎಂಬ ಚರ್ಚೆ ಮಧ್ಯಾಹ್ನದ ಗಂಜಿ ಉಂಡು ಮುಗಿಯುತ್ತಿದ್ದಂತೆ ಶುರುವಾಗುತ್ತಿತ್ತು. ಅಪ್ಪನ ಲೆಕ್ಕವೆಲ್ಲ ನೆಲದ್ದು. ಇಳಿಜಾರು ಇರಬಾರದು, ಒಣಗಿದ ಕೊಂಬೆಯ ಕೆಳಗೆ ಇರಬಾರದು, ಮಣ್ಣು ಗಟ್ಟಿ ಇರಬೇಕು. ಹಿಮ್ಮಡಿಯಲ್ಲಿ ಗುದ್ದಿ, ಹಾರೆಯಲ್ಲಿ ಚುಚ್ಚಿ ನೋಡುತ್ತಿದ್ದರು. ಅಮ್ಮನದ್ದು ಬೇರೆ. ಕೈಗೆ ಸಿಗುವ ಹಾಗೆ ನೀರು ಬೇಕು, ಕತ್ತಲಾಗುವ ಮೊದಲು ಯಾವುದಾದರೂ ಮನೆಯ ದೀಪ ಕಾಣಬೇಕು, ಒಂದು ಹೆಂಗಸಿನ ದನಿ ಕೇಳಬೇಕು. ಬಾಗಿಲು ದಕ್ಷಿಣಕ್ಕೆ ಬರಬಾರದು. ದೇವರ ಪಟ ಓಲಾಡುವ ಮನೆಯಲ್ಲಿ ದಿಕ್ಕನ್ನಾದರೂ ಸರಿ ಇಟ್ಟುಕೊಳ್ಳಬೇಕು ಎಂದು ಅವಳ ಹಟ. "ನಿನಗೆ ದಿಕ್ಕು ನೋಡಿ ರೋಲರ್ ತಿರುಗಿಸೋಕೆ ಇದೇನು ಸೈಕಲ್ಲಾ ಮಾರಾಯ್ತಿ?" ಎನ್ನುತ್ತಲೇ ಅಪ್ಪ ತಿರುಗಿಸುತ್ತಿದ್ದರು. ಹತ್ತರಲ್ಲಿ ಎಂಟು ಸಲ ಅಮ್ಮ ಹೇಳಿದಲ್ಲೇ ನಿಲ್ಲುತ್ತಿದ್ದೆವು.

ಕಡಹಿನಬೈಲಿನ ಕಡೆ ಒಂದು ರಸ್ತೆ ಮುಗಿಸಿ ನಾವು ಶೃಂಗೇರಿಗೆ ಹೊರಟಿದ್ದೆವು. ಶೃಂಗೇರಿಯಿಂದ ಕಿಗ್ಗದ ಕಡೆಗೆ ಹೋಗುವ ರಸ್ತೆಯ ಕೆಲಸ. ಜಲ್ಲಿ ಹರವಿ ಆಗಿದೆ, ಶುಕ್ರವಾರಕ್ಕೆ ರೋಲರ್ ಅಲ್ಲಿರಬೇಕು, ಮಳೆ ಹಿಡಿಯುವ ಮೊದಲು ಮುಗಿಯಬೇಕು ಎಂದು ಕಂಟ್ರಾಕ್ಟರು ಹೇಳಿ ಕಳಿಸಿದ್ದರು. ಅವರು ಒಂದು ಸಲ ಹೇಳುವವರು. ತಡ ಮಾಡಿದ ಇನ್ನೊಬ್ಬ ಡ್ರೈವರನ್ನು ಹಿಂದಿನ ವರ್ಷ ನಿಂತಲ್ಲೇ ಕೆಲಸದಿಂದ ಇಳಿಸಿದ್ದರಂತೆ. ಅವನಿಗೆ ಊರಲ್ಲಿ ಮನೆ ಇತ್ತು. ನಮಗೆ ಇದ್ದದ್ದು ರೋಲರಿಗೆ ಕಟ್ಟಿದ್ದು ಮಾತ್ರ.

ಆವತ್ತು ಮಧ್ಯಾಹ್ನದಿಂದ ತಮ್ಮನಿಗೆ ಜ್ವರ. ಸಂಜೆ ಹೊತ್ತಿಗೆ ಮೈ ಕಾದ ಕಾವಲಿಯ ಹಾಗಿತ್ತು. ಒಂದು ಮೈಲಿ ಮುಂದೆ ಮೋರಿಯ ಹತ್ತಿರ ಕಲ್ಲು ಹಾಸಿದ ಜಾಗ ಇದೆ, ಅಲ್ಲಿಗೆ ಹೋಗೋಣ ಎಂದು ಅಪ್ಪ. ಅಲ್ಲಿ ಸುತ್ತ ಒಂದು ಮನೆಯೂ ಇಲ್ಲ. ಇಲ್ಲಿ ರಸ್ತೆಯ ಪಕ್ಕದಲ್ಲೇ ಕೊಯಿಲಾದ ಗದ್ದೆ, ಗದ್ದೆಯ ಆಚೆ ಒಂದು ಹೆಂಚಿನ ಮನೆ, ಬಾವಿ, ತುಳಸಿಕಟ್ಟೆಗೆ ದೀಪ ಇಡುತ್ತಿರುವ ಹೆಂಗಸು. ರಸ್ತೆಯ ಅಂಚಿನಲ್ಲಿ ನಿಲ್ಲಿಸಿದರೆ ಬಸ್ಸು ದಾಟುವುದಿಲ್ಲ. ಅಪ್ಪ ಗದ್ದೆಗೆ ಇಳಿದು ಹಾರೆ ಚುಚ್ಚಿದರು.

"ಮೇಲೆ ಗಟ್ಟಿ ಇದೆ. ಆದ್ರೆ ಗದ್ದೆ ಗದ್ದೇನೇ. ಒಂದು ಮಳೆ ಬಂತು ಅಂದ್ರೆ ಮುಗೀತು."

"ಆಕಾಶ ನೋಡಿ, ಒಂದು ಮೋಡ ಇಲ್ಲ. ಮಗು ಹೀಗೆ ಸುಡ್ತಾ ಇದೆ. ಇಲ್ಲೇ ನಿಲ್ಸಿ ಅಂತ ಹೇಳ್ತಾ ಇದ್ದೀನಲ್ಲ," ಎಂದಳು ಅಮ್ಮ.

ಅಪ್ಪ ನಿಲ್ಲಿಸಿದರು.

ದೀಪ ಇಡುತ್ತಿದ್ದವರು ರತ್ನಕ್ಕ. ಗದ್ದೆ ಅವರದೇ. ಅಮ್ಮ ಕೇಳಿದ ಕೂಡಲೇ, ರಾತ್ರಿ ಕಳೆಯಲಿಕ್ಕೆ ಎಂತ ಕೇಳೋದು ಎಂದು ನಮ್ಮನ್ನು ಒಳಗೆ ಕರೆದರು. ಕಷಾಯ ಕುದಿಸಿ ತಮ್ಮನಿಗೆ ಚಮಚದಲ್ಲಿ ಕುಡಿಸಿದರು. ನನಗೆ ಬಿಸಿ ಅನ್ನ, ಮಾವಿನ ಮಿಡಿ, ಮಜ್ಜಿಗೆ. ಆ ವರ್ಷ ಬಾವಿ ತಳ ಕಂಡಿತ್ತು. ಬೇಗ ಒಂದು ಮಳೆ ಬಂದರೆ ಕಿಗ್ಗದ ದೇವರಿಗೆ ಹಣ್ಣುಕಾಯಿ ಮಾಡಿಸುತ್ತೇನೆ ಎಂದು ಬೆಳಿಗ್ಗೆಯಷ್ಟೇ ಹೇಳಿಕೊಂಡಿದ್ದರಂತೆ. ಅದನ್ನು ಅವರು ನಗುತ್ತಾ ಹೇಳಿದ್ದು, ಅಮ್ಮನೂ ನಕ್ಕಿದ್ದು ನೆನಪಿದೆ.

ಬೆಳಿಗ್ಗೆ ಗಾಲಿಮನೆಯಲ್ಲಿ ನನಗೆ ಎಚ್ಚರವಾದಾಗ ನಾನು ತಮ್ಮನ ಮೇಲೆ ಜಾರಿ ಬಿದ್ದಿದ್ದೆ. ಮನೆ ಓರೆಯಾಗಿತ್ತು. ಸ್ಟೌ, ಪಾತ್ರೆ ಎಲ್ಲ ಒಂದು ಗೋಡೆಗೆ ಸೇರಿದ್ದವು. ಬಾಗಿಲು ತೆಗೆದರೆ ರಾತ್ರಿ ಸುರಿದ ಮಳೆಗೆ ಗದ್ದೆಯ ತುಂಬ ನೀರು, ರೋಲರಿನ ಹಿಂದಿನ ಚಕ್ರಗಳು ಅರ್ಧ ಮಣ್ಣಿನೊಳಗೆ. ಅಪ್ಪ ಎಂಜಿನ್ ಶುರು ಮಾಡಿ ಒಂದು ಸಲ ಎಳೆದು ನೋಡಿದರು. ಇನ್ನೊಂದು ಗೇಣು ಇಳಿಯಿತು. ಆಫ್ ಮಾಡಿ ಸೀಟಿನ ಮೇಲೆ ಕೂತರು. ಅಮ್ಮ ಮೆಟ್ಟಿಲ ಮೇಲೆ ನಿಂತು ಅವರು ಏನಾದರೂ ಹೇಳಲಿ ಎಂದು ಕಾದಳು. ಅಪ್ಪ, ಮಗುವಿನ ಜ್ವರ ಬಿಟ್ಟಿತಾ ಎಂದಷ್ಟೇ ಕೇಳಿದರು. ಬಿಟ್ಟಿತ್ತು.

ಅವತ್ತು ಬುಧವಾರ. ಸುತ್ತಲಿನ ಜನ ಕಲ್ಲು ತಂದರು, ಅಡಿಕೆ ಮರ ಸೀಳಿದ ದಬ್ಬೆ ತಂದರು. ಚಕ್ರದ ಕೆಳಗೆ ಕೊಟ್ಟದ್ದನ್ನೆಲ್ಲ ಗದ್ದೆ ನುಂಗಿತು. ಸಂಜೆ ಮತ್ತೆ ಮಳೆ. ಎರಡು ಬಿಸಿಲು ಬೀಳದೆ ಇದು ಏಳುವುದಿಲ್ಲ ಎಂದು ರತ್ನಕ್ಕನ ಗಂಡ ಹೇಳಿದರು. ಅಪ್ಪ ಬಸ್ಸಿನವರ ಕೈಯಲ್ಲಿ ಕಂಟ್ರಾಕ್ಟರಿಗೆ ಚೀಟಿ ಕಳಿಸಿದರು.

ಗುರುವಾರ ಬೆಳಿಗ್ಗೆ ಅಮ್ಮ ತುಳಸಿಕಟ್ಟೆಯ ಮುಂದೆ ಕೈ ಮುಗಿದು ನಿಂತಿದ್ದಳು. ನಾನು ಅವಳ ಸೆರಗು ಹಿಡಿದಿದ್ದೆ. ರತ್ನಕ್ಕ ನೀರು ಹಾಕಲು ಬಂದರು. ಅಮ್ಮ ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳಂತೆ ಹಿಂದೆ ಸರಿದಳು. ರತ್ನಕ್ಕ ತಂಬಿಗೆ ಕೆಳಗಿಟ್ಟು ಹೇಳಿದರು:

"ನೀ ಎಂತ ಬೇಡ್ಕೊಂಡೆ ಅಂತ ನಂಗೆ ಗೊತ್ತು. ಬೇಡ್ಕೋ. ನಮ್ಮನೆ ತುಳಸಿ ಅಂತ ನಮ್ಮ ಮಾತು ಮಾತ್ರ ಕೇಳ್ತಾಳೆ ಅಂತ ಏನಿಲ್ಲ."

"ನಿಮ್ಮ ಅನ್ನ ಉಂಡು ನಿಮಗೆ ಮಳೆ ಬೇಡ ಅಂತ ಹೇಗೆ ಹೇಳಲಿ ಅಕ್ಕಾ."

"ಬೇಡ ಅನ್ಬೇಡ. ನಾಲ್ಕು ದಿನ ತಡ ಆಗ್ಲಿ ಅನ್ನು. ನಂಗೂ ಅಷ್ಟೇನೂ ಅವಸರ ಇಲ್ಲ."

ಅವರಿಗೆ ಅವಸರ ಇತ್ತು. ನನಗೇ ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲವೇ.

ಮಳೆ ನಿಂತಿತು. ಗುರುವಾರ, ಶುಕ್ರವಾರ, ಶನಿವಾರ ಸುಡು ಬಿಸಿಲು. ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಕೈ ಕೊಟ್ಟು, ಜಾಕ್ ಇಟ್ಟು, ದಬ್ಬೆಯ ಮೇಲೆ ದಬ್ಬೆ ಹಾಸಿ, ಅಪ್ಪ ಒಂದೊಂದೇ ಅಡಿ ರೋಲರನ್ನು ರಸ್ತೆಗೆ ಹತ್ತಿಸಿದರು. ಎಲ್ಲರೂ ಹೋ ಎಂದರು. ಅಷ್ಟು ಹೊತ್ತಿಗೆ ಕಂಟ್ರಾಕ್ಟರ ಮೇಸ್ತ್ರಿ ಜೀಪಿನಲ್ಲಿ ಬಂದು ಮಾವಿನ ಮರದ ಕೆಳಗೆ ನಿಂತಾಗಿತ್ತು, ಜೊತೆಗೆ ಬೇರೆ ಡ್ರೈವರನ್ನು ಕರೆದುಕೊಂಡು. ಅಪ್ಪ ಎಂಜಿನ್ ಆಫ್ ಮಾಡಲಿಲ್ಲ. ಕೆಳಗಿಳಿದು, ಹ್ಯಾಂಡಲು ಒರೆಸಿದ ಬಟ್ಟೆಯನ್ನು ಹೊಸ ಡ್ರೈವರನ ಕೈಗೆ ಕೊಟ್ಟು, ಎರಡನೇ ಗೇರು ಸ್ವಲ್ಪ ಬಿಗಿ ಎಂದರು.

ಗಾಲಿಮನೆ ಖಾಲಿ ಮಾಡಲು ನಮಗೆ ಕಾಲು ಗಂಟೆಯೂ ಬೇಕಾಗಲಿಲ್ಲ. ಅಮ್ಮ ಕೊನೆಗೆ ಶಾರದಾಂಬೆಯ ಪಟದ ಹಗ್ಗ ಬಿಚ್ಚಿ ತಂದಳು. ನಮ್ಮ ಮನೆ, ನಾವಿಲ್ಲದೆ, ಮನುಷ್ಯ ನಡೆದಷ್ಟೇ ವೇಗದಲ್ಲಿ ಹೋಯಿತು. ಓಡಿದ್ದರೆ ಹಿಡಿಯಬಹುದಿತ್ತು. ಅಷ್ಟು ನಿಧಾನ. ತಿರುವಿನಲ್ಲಿ ಮರೆಯಾಗುವವರೆಗೆ ಎಲ್ಲರೂ ನಿಂತು ನೋಡಬೇಕಾಯಿತು.

ಆ ಮಳೆಗಾಲ ನಾವು ರತ್ನಕ್ಕನ ಮನೆಯ ಭತ್ತದ ಕೋಣೆಯಲ್ಲಿದ್ದೆವು. ಆಮೇಲೆ ಅಪ್ಪನಿಗೆ ಕೊಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸವಾಯಿತು, ನನಗೆ ಅಲ್ಲೇ ಶಾಲೆ. ದೇವರು ದೊಡ್ಡದನ್ನು ಕಿತ್ತುಕೊಂಡಾಗಲೂ ಚಿಕ್ಕ ಚಿಕ್ಕದನ್ನು ಕೈಗೆ ಇಡುತ್ತಾನೆ. ಮಗು ಉಳಿಯಿತು, ಸೂರು ಸಿಕ್ಕಿತು. ರೋಲರ್ ಅಮುಕಿದ ಎರಡು ಪಟ್ಟಿಯಲ್ಲಿ ಆ ವರ್ಷ ಪೈರು ಮೊಣಕಾಲಿಗೂ ಬರಲಿಲ್ಲ. ರತ್ನಕ್ಕನಾಗಲಿ ಅವರ ಗಂಡನಾಗಲಿ ಅದರ ಸುದ್ದಿ ಎತ್ತಲಿಲ್ಲ. ಇವನ್ನೆಲ್ಲ ನಾನು ದಿನಾ ನೆನೆಯುತ್ತೇನೆ.

ಈಗ ನಾನಿರುವುದು ಬಾಳಗಡಿಯಲ್ಲಿ. ಶೃಂಗೇರಿಗೆ ಹೋಗುವ, ಮನೆಯಂಥ ವ್ಯಾನುಗಳು ಈಚೆಗೆ ಕಾಣುತ್ತವೆ. ಒಳಗೆ ಮಂಚ, ಒಲೆ, ಫ್ಯಾನು ಎಲ್ಲ ಇದೆಯಂತೆ. ಮೊನ್ನೆ ಒಂದು ನಮ್ಮ ಗೇಟಿನ ಹತ್ತಿರ ನಿಂತಿತು. ಗಂಡ ಫೋನು ನೋಡಿ ಇಲ್ಲೇ ಇರೋಣ ಎಂದ. ಹೆಂಡತಿ ಬೇಡ, ಇನ್ನೂ ಮುಂದೆ ಹೋಗೋಣ ಎಂದಳು. ಏನೋ ಹೇಳಿ ಇಬ್ಬರೂ ನಕ್ಕರು. ವ್ಯಾನು ಮುಂದೆ ಹೋಯಿತು. ನಾನು ಕೈಯಲ್ಲಿ ಪೊರಕೆ ಹಿಡಿದು ಬಹಳ ಹೊತ್ತು ನಿಂತಿದ್ದೆ.

ಹೋದದ್ದು ಗಾಲಿಮನೆ ಅಂತ ನಾನು ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಅದಲ್ಲ. ಆ ಭಾನುವಾರದ ನಂತರ ಅಮ್ಮ ಯಾವುದನ್ನೂ ಇದು ಬೇಕು, ಅದು ಬೇಡ ಎಂದದ್ದು ನಾನು ಕೇಳಲಿಲ್ಲ. ಅಪ್ಪ ಬೇಕೆಂದೇ ಕೇಳುತ್ತಿದ್ದರು, ಯಾವ ಸೀರೆ, ಯಾವ ಬಸ್ಸು, ಯಾವ ಬೀದಿಯಲ್ಲಿ ಮನೆ ಎಂದು. ನೀವು ಹೇಳಿದ್ದು ಎನ್ನುತ್ತಿದ್ದಳು. ಬೈದಿದ್ದರೆ ಅವಳು ತಿರುಗಿ ಜಗಳವಾಡಿ ಸರಿಯಾಗುತ್ತಿದ್ದಳೋ ಏನೋ, ಅಪ್ಪ ಕೊನೆಯವರೆಗೂ ಒಂದು ಮಾತು ಬೈಯಲಿಲ್ಲ. ಅವರು ಹೋದ ಮೇಲೆ ಅಮ್ಮ ನನ್ನ ಮನೆಗೆ ಬಂದಳು. ಮೊದಲ ದಿನ, ಕಿಟಕಿಯ ಹತ್ತಿರ ಹಾಸಲಾ, ದೇವರ ಕೋಣೆಯ ಪಕ್ಕ ಹಾಸಲಾ ಎಂದು ಕೇಳಿದೆ. ಅವಳು ಕೈಚೀಲ ಹಿಡಿದುಕೊಂಡು ನಡುಮನೆಯಲ್ಲೇ ನಿಂತಿದ್ದಳು.

"ಎಲ್ಲಾದ್ರೂ ಆಗ್ತದೆ ಮಗಾ," ಎಂದಳು. ನಾನು ಹಾಸುವವರೆಗೆ ಕೂರಲೂ ಇಲ್ಲ.