ಶರಣವ್ವನ ಹಿಟ್ಟಿನ ಕೈ

ಮಲಾಡಿನ ಆ ಬಿಲ್ಡಿಂಗಿನಲ್ಲಿ ಒಂದೂಕಾಲು ತಿಂಗಳು ಯಾರ ಮನೆಯಲ್ಲೂ ಜೋಳದ ರೊಟ್ಟಿಗೆ ಬರ ಇರಲಿಲ್ಲ. ಎರಡನೇ ಮಾಳಿಗೆಯ ಗುಜರಾತಿಗಳು ಅದನ್ನು ಚಹಾದಲ್ಲಿ ಅದ್ದಿ ತಿನ್ನಲು ಕಲಿತರು. ವಾಚ್‌ಮನ್ ಹಲ್ಲುನೋವು ಎಂದು ಕೈಮುಗಿದ. ಸೊಸೈಟಿಯ ಸೆಕ್ರೆಟರಿಯಂತೂ ಲಿಫ್ಟಿನಲ್ಲಿ ಶರಣವ್ವ ಕಂಡರೆ ಸಾಕು, ಮೆಟ್ಟಿಲು ಹಿಡಿದು ಇಳಿಯುತ್ತಿದ್ದ. ಇಷ್ಟಕ್ಕೆಲ್ಲ ಕಾರಣ ಮೂರನೇ ಮಾಳಿಗೆಗೆ ಬಂದಿಳಿದ ಮೂರು ಕಿಲೋದ ಒಂದು ಹೆಣ್ಣುಕೂಸು ಅಂದರೆ ನೀವು ನಂಬಲಿಕ್ಕಿಲ್ಲ. ನಂಬುವುದು ಆಮೇಲೆ ಇರಲಿ, ಮೊದಲು ಕೇಳಿ.

ಶರಣವ್ವ ವಿಜಯಪುರದ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು ಮೂವತ್ತೆಂಟು ವರ್ಷವಾಯಿತು. ಗಂಡ ಶಿವಪುತ್ರಪ್ಪನದು ಮಲಾಡ್ ಮಾರ್ಕೆಟ್ಟಿನಲ್ಲಿ ಇಳಕಲ್ಲ ಸೀರೆ, ಖಣಗಳ ಸಣ್ಣ ಅಂಗಡಿ. ಅರವತ್ತಮೂರರ ಈ ಹೆಂಗಸಿನ ನಾಲಿಗೆ ಚುರುಕು, ಕಾಲು ಗಟ್ಟಿ, ಕಣ್ಣಿಗೆ ಆಪರೇಷನ್ ಕೂಡ ಬೇಕಾಗಿಲ್ಲ. ಕೈ ಮಾತ್ರ ಆರು ವರ್ಷದಿಂದ ಅವಳ ಮಾತು ಕೇಳುವುದಿಲ್ಲ. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡರೆ ಪಾಪದ ಕೈ, ಏನೂ ಗೊತ್ತಿಲ್ಲದವರ ಹಾಗೆ ಬಿದ್ದಿರುತ್ತದೆ. ಒಂದು ಕಪ್ಪು ಎತ್ತಿದರೆ ಮುಗಿಯಿತು, ಗಡಗಡ ಶುರು. ಎದುರಿಗೆ ನೋಡುವವರು ಕೂತಿದ್ದರಂತೂ ಕೇಳುವುದೇ ಬೇಡ.

“ನಿನ್ನ ಕೈಯಾಗಿನ ಚಾ ಬಂತಂದ್ರ ಕಪ್ಪು ಬಿಟ್ಟು ಬಸಿ ಹಿಡೀಬೇಕು ನೋಡು. ಎಲ್ಲಾ ಅದರಾಗ ಇರ್ತೈತಿ” ಎಂದು ಶಿವಪುತ್ರಪ್ಪ ನಗುತ್ತಿದ್ದ.

“ನಗ್ರಿ, ನಗ್ರಿ. ಆದ್ರ ಮಂದಿ ಮುಂದ ಬಾಯಿ ಬಿಟ್ರ ನಿಮಗ ಊಟ ಇಲ್ಲ” ಎಂದು ಅವಳು ಹೆದರಿಸಿಟ್ಟಿದ್ದಳು.

ಮುಚ್ಚಿಡಲು ಕಾರಣವೂ ಇತ್ತು. ಅವಳ ಅಪ್ಪನಿಗೂ ಕೈ ನಡುಗುತ್ತಿತ್ತು. ಹನಿ ಶೆರೆ ಮುಟ್ಟದ ಮನುಷ್ಯನನ್ನು ಊರ ಮಂದಿ ಮುಂಜಾನೆಯೇ ಕುಡಿದು ಬಂದಾನೆ ಎಂದು ಆಡಿಕೊಂಡು ನಕ್ಕಿದ್ದು ಅವಳಿಗೆ ಮರೆತಿರಲಿಲ್ಲ. ಹಾಗಾಗಿ ಶರಣವ್ವ ತನ್ನ ಕೈಯನ್ನು ಮರೆಮಾಡಲು ನೂರೆಂಟು ಉಪಾಯ ಕಲಿತಳು. ಯಾರ ಮನೆಗೆ ಹೋದರೂ “ಅರ್ಧಾ ಕಪ್ಪು ಸಾಕ್ರಿ, ಪಿತ್ತ ಆಗ್ತೈತಿ” ಎನ್ನುವಳು. ಆ ಅರ್ಧವನ್ನೂ ಎರಡೂ ಕೈಯಲ್ಲಿ ಹಿಡಿದು, ಸೆರಗು ಮುಂದೆ ಮಾಡಿಕೊಂಡು ಗುಟುಕರಿಸುವಳು. ಕುಂಕುಮ ಬಿಟ್ಟು ಅಂಟಿಸುವ ಟಿಕಳಿ ಹಿಡಿದಳು. ಮೊಬೈಲಿನಲ್ಲಿ ಒಮ್ಮೆ ಸೊಸೈಟಿ ಗ್ರೂಪಿಗೆ ಯಾರೋ ತೀರಿಕೊಂಡ ಸುದ್ದಿ ಬಂದಾಗ ಕೈಮುಗಿಯುವ ಚಿತ್ರ ಒತ್ತಲು ಹೋಗಿ, ಬೆರಳು ಜಾರಿ, ಬಿದ್ದು ಬಿದ್ದು ನಗುವ ಮುಖ ಒತ್ತಿಬಿಟ್ಟಳು. ಅಂದಿನಿಂದ ಏನಿದ್ದರೂ ಬಾಯಿಮಾತಿನ ವಾಯ್ಸ್ ಮೆಸೇಜು.

ಇಷ್ಟು ಸೊಗಸಾಗಿ ನಡೆದಿದ್ದ ಸಂಸಾರಕ್ಕೆ ಮೊಮ್ಮಗಳು ಬಂದಳು.

ಮಗ ಅನಿಕೇತ್ ಮದುವೆಯಾಗಿದ್ದು ಶುಭಾಂಗಿ ಎಂಬ ಮರಾಠಿ ಹುಡುಗಿಯನ್ನು. ಹೆರಿಗೆಯವರೆಗೆ ಅವರಿಬ್ಬರೂ ಬೇರೆ ಮನೆ ಮಾಡಿಕೊಂಡಿದ್ದರು. ತಾಯಿ ಇಲ್ಲದ ಹುಡುಗಿ. ಇರುವುದು ವಿಲೆ ಪಾರ್ಲೆಯಲ್ಲಿ ಒಬ್ಬಳು ಮಾವಶಿ, ತಾಯಿಯ ತಂಗಿ. ಹಾಗಾಗಿ ಬಾಣಂತನ ಅತ್ತೆಯ ಮನೆಯಲ್ಲೇ ಎಂದು ಶರಣವ್ವನೇ ಎದೆ ತಟ್ಟಿ ಹೇಳಿದ್ದಳು. ಆಸ್ಪತ್ರೆಯಲ್ಲಿ ನರ್ಸು ಬಟ್ಟೆಯಲ್ಲಿ ಸುತ್ತಿದ ಕೂಸನ್ನು “ಲೋ ಆಜೀ”, ತಗೋ ಅಜ್ಜಿ, ಎಂದು ಮುಂದೆ ಚಾಚಿದಳು. ಶರಣವ್ವ ಕೈ ನೀಡಿದಳು. ನೀಡಿದ ಕೈಯನ್ನು ತಾನೇ ನೋಡಿದಳು. ಅದು ಕುಣಿಯುತ್ತಿತ್ತು. ಕೂಸು ಆಗಲೇ ಜಾರಿ ನೆಲಕ್ಕೆ ಬಿದ್ದಂತೆ ಕಣ್ಣಿಗೆ ಕಟ್ಟಿತು.

“ಕೈ ತೊಳ್ಕೊಂಡಿಲ್ಲವ್ವಾ” ಎಂದು ಹಿಂದೆ ಸರಿದುಬಿಟ್ಟಳು.

ಅದು ಮೊದಲ ಸುಳ್ಳು. ಮನೆಗೆ ಬಂದ ಮೇಲೆ ದಿನಕ್ಕೆ ಹತ್ತು ಸಲ ಕೈ ತೊಳೆದಿಲ್ಲ ಎಂದರೆ ಯಾರು ನಂಬುತ್ತಾರೆ? ಆಗಲೇ ಆ ಜಾಣೆಗೆ ಹೊಳೆದದ್ದು ಹಿಟ್ಟು. ಶುಭಾಂಗಿ ಕೂಸನ್ನು ಎತ್ತಿಕೊಂಡು ಅಡಿಗೆಮನೆಯ ಕಡೆ ಹೆಜ್ಜೆ ಇಟ್ಟದ್ದು ಕೇಳಿಸಿದರೆ ಸಾಕು, ಶರಣವ್ವನ ಎರಡೂ ಕೈ ಮೊಣಕೈವರೆಗೆ ಜೋಳದ ಹಿಟ್ಟಿನಲ್ಲಿ. “ಅಯ್ಯ, ಕೈ ಹಿಟ್ಟಾಗ್ಯಾವ ನೋಡವ್ವಾ!” ಇದಕ್ಕೆ ಎದುರು ಮಾತುಂಟೇ? ರೊಟ್ಟಿ ಬಡಿಯುವಾಗ ಕೈ ನಡುಗುವುದೂ ಗೊತ್ತಾಗುತ್ತಿರಲಿಲ್ಲ. ಟಪಟಪ ಬಡಿತದಲ್ಲಿ ನಡುಕ ಯಾವುದು, ಬಡಿತ ಯಾವುದು ಎಂದು ಶಿವನಿಗೇ ಗೊತ್ತು. ಕೂಸು ಎಚ್ಚರಾದಾಗೊಮ್ಮೆ ರೊಟ್ಟಿ, ಕೂಸು ಅತ್ತಾಗೊಮ್ಮೆ ರೊಟ್ಟಿ. ಕೂಸಿಗೆ ಎಣ್ಣೆ ತಿಕ್ಕಿ ಎರೆಯಲು ಮಾಲಿಶ್‌ವಾಲಿ ಹೆಂಗಸನ್ನು ಗೊತ್ತುಮಾಡಿಕೊಟ್ಟಳು. ಬಾಣಂತಿಗೆ ಅಂಟಿನುಂಡಿ, ಸಬ್ಬಸಗಿ ಪಲ್ಯ, ಎಲ್ಲ ಹೊತ್ತುಹೊತ್ತಿಗೆ. ಕೂಸನ್ನು ಮಾತ್ರ ದೂರದಿಂದ ನೋಡಿ, ಅದು ಮಲಗಿದಾಗ ಬಗ್ಗಿ ಮೂಸಿ ಹೋಗುವಳು.

ಬಿಲ್ಡಿಂಗಿನಲ್ಲಿ ಮೊದಲು ಸಂಶಯಪಟ್ಟವಳು ಕೆಳಗಿನ ಮನೆಯ ಸೇವಂತಿ. ಉಡುಪಿಯವಳು, ಗಂಡನ ಹೋಟೆಲು ಗೋರೆಗಾಂವ್‌ನಲ್ಲಿ. ಒಂದು ದಿನ ರೊಟ್ಟಿಯ ಕಟ್ಟು ಕೈಗೆ ಬಿದ್ದಾಗ ಅವಳು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

“ಶರಣಕ್ಕ, ಎಂತ ಇದು ಮಾರಾಯ್ತಿ? ನಮಗೆ ಹಲ್ಲು ಬೇಡವಾ? ನೀವೇನು ರೊಟ್ಟಿ ಫ್ಯಾಕ್ಟರಿ ಇಟ್ಟಿದ್ದೀರಾ?”

ಶರಣವ್ವ ನಗಲು ಹೋದಳು. ನಗು ಬರಲಿಲ್ಲ, ಅಳು ಬಂತು. ಎಲ್ಲ ಹೇಳಿಕೊಂಡಳು. ಸೇವಂತಿ ಮರುದಿನವೇ ಅವಳನ್ನು ಲೋಕಲ್ ಹತ್ತಿಸಿ ಗೋರೆಗಾಂವ್‌ನ ಒಬ್ಬ ನರದ ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ನಡೆಸಿ ನೋಡಿದರು, ಕೈ ಮುಂದೆ ಚಾಚಲು ಹೇಳಿದರು, ಕೊನೆಗೆ ಒಂದು ಕಾಗದ ಕೊಟ್ಟು ಒಳಗಿನಿಂದ ಹೊರಕ್ಕೆ ಸುರುಳಿ ಬರೆಯಿರಿ ಎಂದರು. ಅಂಗಳದ ತುಂಬ ರಂಗೋಲಿ ಹಾಕಿ ಬೆಳೆದ ಹೆಂಗಸು, ಸುರುಳಿ ಯಾವ ಲೆಕ್ಕ! ಬರೆದು ನೋಡಿದರೆ ಮುಳ್ಳುಮುಳ್ಳಾಗಿ ಥೇಟ್ ಚಕ್ಕುಲಿ.

“ದೊಡ್ಡ ರೋಗ ಏನಲ್ಲ” ಎಂದರು ಡಾಕ್ಟರು. “ಸುಮ್ಮನಿದ್ದಾಗ ನಡುಗೋದಿಲ್ಲ, ಕೆಲಸಕ್ಕೆ ಹಚ್ಚಿದಾಗ ನಡುಗುತ್ತೆ. ಎಸೆನ್ಶಿಯಲ್ ಟ್ರೆಮರ್ ಅಂತಾರೆ. ನಿಮ್ಮ ತಂದೆಯಿಂದ ಬಂದಿರಬಹುದು. ಪೂರ್ತಿ ಹೋಗಲ್ಲ, ಗುಳಿಗೆಯಿಂದ ಕಡಿಮೆ ಆಗುತ್ತೆ. ಚಹಾ ಕಡಿಮೆ ಮಾಡಿ. ತೂಕದ ಕಪ್ಪು, ತೂಕದ ಚಮಚ ಹಿಡೀರಿ. ಕೈಗೆ ಭಾರ ಇದ್ದರೆ ಎಷ್ಟೋ ಜನರಿಗೆ ನಡುಕ ತಗ್ಗುತ್ತೆ. ಮುಚ್ಚಿಡಲು ಹೋದಷ್ಟೂ ಹೆಚ್ಚಾಗುತ್ತೆ, ಅದು ನೆನಪಿರಲಿ.”

ಶರಣವ್ವನಿಗೆ ಕೇಳಬೇಕಾದದ್ದು ಒಂದೇ. “ಕೂಸನ್ನ ಎತ್ತಿಕೋಬಹುದೇನ್ರೀ?”

“ನೆಲದ ಮೇಲೆ ಕೂತು, ಮೊಣಕೈ ಪಕ್ಕೆಗೆ ಒತ್ತಿ, ಧಾರಾಳ ಎತ್ತಿಕೊಳ್ಳಿ. ಅದೇನು ಚಹಾನಾ ಚೆಲ್ಲೋಕೆ?”

ಡಾಕ್ಟರಿಗೇನು, ಮೊಮ್ಮಗಳು ಅವರದ್ದಲ್ಲವಲ್ಲ! ಹಾಗೆಂದು ಬೈದುಕೊಳ್ಳುತ್ತಲೇ ಶರಣವ್ವ ಮನೆಗೆ ಬಂದಳು. ಗುಳಿಗೆ ತೆಗೆದುಕೊಂಡಳು, ಚಹಾ ಬಿಟ್ಟಳು, ತಾಮ್ರದ ದಪ್ಪ ಲೋಟ ಹಿಡಿದಳು. ನಾಲ್ಕಾಣೆ ಗುಣವೂ ಕಂಡಿತು. ಕೂಸಿನ ವಿಷಯ ಬಂದಾಗ ಮಾತ್ರ ಮತ್ತೆ ಹಿಟ್ಟೇ ಗತಿ.

ನಾಮಕರಣ ನಲವತ್ತು ದಿನ ಕಳೆದ ಮೇಲಿನ ರವಿವಾರ ಎಂದು ಗೊತ್ತಾಯಿತು. ಗುರುವಾರ ಮಧ್ಯಾಹ್ನ ಶರಣವ್ವ ಹಿಟ್ಟು ನಾದುತ್ತಿದ್ದಾಗ ಪಕ್ಕದ ಕೋಣೆಯಿಂದ ಶುಭಾಂಗಿಯ ಮಾತು ಕೇಳಿಸಿತು. ಮಾವಶಿಗೆ ಫೋನು. ಮೂವತ್ತೆಂಟು ವರ್ಷ ಮುಂಬೈಯಲ್ಲಿ ತರಕಾರಿ ಚೌಕಾಶಿ ಮಾಡಿದವಳಿಗೆ ಮರಾಠಿ ಪೂರ್ತಿ ತಿಳಿಯುತ್ತಿತ್ತು.

ರವಿವಾರ ಕಾರ್ಯ ಮುಗಿಸಿಕೊಂಡು ನಾನು ಪಾರ್ಲೆಗೆ ಬರುತ್ತೇನೆ ಮಾವಶಿ, ಎನ್ನುತ್ತಿದ್ದಳು ಶುಭಾಂಗಿ. ಇಲ್ಲಿ ಮಗುವನ್ನು ಯಾರೂ ಕೇಳುವುದಿಲ್ಲ. ಉಳಿದ ಅಜ್ಜಿಯರು ಕೂಸನ್ನು ಕೆಳಗೇ ಇಳಿಸುವುದಿಲ್ಲ, ಇವರು ಒಂದು ಸಲವೂ ಮುಟ್ಟಿಲ್ಲ. ನಾನು ಅವರ ಕಡೆಯ ಹುಡುಗಿಯಾಗಿದ್ದರೆ, ಇದು ಗಂಡಾಗಿದ್ದರೆ, ಹೀಗೆ ಮಾಡುತ್ತಿದ್ದರೇನು? ನನಗೆ ತಾಯಿ ಇಲ್ಲ, ಇವರು ಇದ್ದಾರೆ ಅಂದುಕೊಂಡಿದ್ದೆ. ಅಷ್ಟು ಹೇಳಿ ಅವಳು ಅತ್ತಳು.

ಯಾವ ಕೈಯನ್ನು ಮಂದಿಯಿಂದ ಉಳಿಸಿಕೊಂಡಳೋ ಅದೇ ಕೈ ಸೊಸೆಯನ್ನೂ ಮೊಮ್ಮಗಳನ್ನೂ ಮನೆಯಿಂದ ಕಳಿಸುತ್ತಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕೈ ತೊಳೆದಳು. ಚಹಾ ಇಟ್ಟಳು. ಅರ್ಧವಲ್ಲ, ಅಂಚಿನವರೆಗೆ ತುಂಬಿದ ಕಪ್ಪು, ತೆಳ್ಳನೆಯ ಬಸಿ, ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಸೊಸೆಯ ಕೋಣೆಗೆ ಹೊರಟಳು. ಬಾಗಿಲು ದಾಟುವಷ್ಟರಲ್ಲಿ ಕಪ್ಪು ಬಸಿ ಎರಡೂ ಕಟಕಟ ಕಡಿದುಕೊಳ್ಳುತ್ತಿದ್ದವು. ಚಹಾ ಬಸಿ ತುಂಬಿ, ಸೀರೆ ತೋಯಿಸಿ, ನೆಲಕ್ಕೆ ಹರಿದು, ಮಂಚದ ಹತ್ತಿರ ಬಂದಾಗ ಕಪ್ಪಿನ ತಳದಲ್ಲಿ ಒಂದು ಗುಟುಕು ಉಳಿದಿತ್ತು.

“ನೋಡವ್ವಾ” ಎಂದಳು ಶರಣವ್ವ. “ಇದು ನನ್ನ ಕೈ. ಆರು ವರ್ಷದಿಂದ ಹಿಂಗ ಐತಿ. ಈ ಕೈಯಾಗ ನಿನ್ನ ಕೂಸನ್ನ ಹೆಂಗ ಹಿಡೀಲಿ?”

ಶುಭಾಂಗಿ ಕಪ್ಪನ್ನು ನೋಡಿದಳು, ನೆಲವನ್ನು ನೋಡಿದಳು, ಆಮೇಲೆ ಆ ಕೈಯನ್ನು ನೋಡಿದಳು. ಅವಳ ಕನ್ನಡ ಅಷ್ಟಕ್ಕಷ್ಟೆ. ಸಿಟ್ಟು ಬಂದರಂತೂ ಅರ್ಧ ಮರಾಠಿ.

“ಆಯೀ! ಇಷ್ಟು ದಿವಸ ಯಾಕೆ ಸಾಂಗಿತಲಂ ನಾಹಿ? ಯಾಕೆ ಹೇಳಿಲ್ಲ ನೀವು? ನಾನು ಏನೇನೋ… ಆ ರೊಟ್ಟಿ, ಎಲ್ಲ ರೊಟ್ಟಿ, ಇದಕ್ಕೇ?”

“ಮತ್ತ್ಯಾಕ? ನನಗೇನು ಹುಚ್ಚ ಹಿಡದಿತ್ತೇನು?”

ಶುಭಾಂಗಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಮಲಗಿದ್ದ ಕೂಸು ಬೆಚ್ಚಿ ಎದ್ದಿತು. ಅವಳು ತಕ್ಷಣ ಅದನ್ನೆತ್ತಿ ಅತ್ತೆಯ ಮುಂದೆ ಹಿಡಿದಳು. ಶರಣವ್ವ ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಅಂಟಿದಳು.

“ಬ್ಯಾಡ ಬ್ಯಾಡ! ಬೀಳ್ತೈತಿ!”

“ಸರಿ” ಎಂದಳು ಶುಭಾಂಗಿ, ಮೂಗೊರೆಸಿಕೊಂಡು. “ರವಿವಾರ ಎಲ್ಲರ ಮುಂದೆ ತಗೋಬೇಕು. ತಗೊಂಡಿಲ್ಲ ಅಂದ್ರೆ ನಾನು ಪಾರ್ಲೆಗೆ. ಬ್ಯಾಗ್ ಕಟ್ಟಿದ್ದು ಬಿಚ್ಚೋದಿಲ್ಲ.”

ತಾಯಿ ಇಲ್ಲದ ಹುಡುಗಿ ಎಂದು ಮರುಗುತ್ತಿದ್ದ ಶರಣವ್ವನಿಗೆ ಆ ಕ್ಷಣ ಇವಳು ಭಾರಿ ಗಟ್ಟಿಗಿತ್ತಿ ಎನಿಸಿತು.

ರವಿವಾರ ಪಡಸಾಲೆಯ ತುಂಬ ಹೆಂಗಸರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ, ಶರಣವ್ವನ ಮಗಳು ಶೈಲಾ, ಜರತಾರಿ ಉಟ್ಟು ಬಂದಿದ್ದಳು. ಇವರ ಕಡೆಯ ಪದ್ಧತಿಯಲ್ಲಿ ಕೂಸನ್ನು ನೇರ ತೊಟ್ಟಿಲಿಗೆ ಹಾಕುವುದಿಲ್ಲ. ಮೊದಲು ಖಾರ ಅರೆಯುವ ಗುಂಡಕಲ್ಲಿಗೆ ಕುಂಚಗಿ, ಅಂದರೆ ಕೂಸಿನ ಕುಲಾವಿ, ಕಟ್ಟಿ, ಬಟ್ಟೆ ಸುತ್ತಿ, ಕೂಸಿನಂತೆ ಮಾಡಿ, ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಡಬೇಕು, ಆಚೆ ಕೂತವರು ತೆಗೆದುಕೊಂಡು ಮೇಲಿನಿಂದ ಮರಳಿ ಕೊಡಬೇಕು. ಹೀಗೆ ಮೂರು ಸಲ. ಆಮೇಲೆ ಕೂಸಿನ ಸರದಿ. ಮಿಕ್ಸರಿನ ಮನೆಯಲ್ಲಿ ಗುಂಡಕಲ್ಲು ಎಲ್ಲಿಂದ ಬರಬೇಕು? ಸೇವಂತಿ ತನ್ನ ಮನೆಯ ಕಲ್ಲನ್ನು ಏದುಸಿರು ಬಿಡುತ್ತ ಹೊತ್ತು ತಂದಳು.

“ಆರು ಕಿಲೋ ಉಂಟು. ನಿಮ್ಮ ಪುಳ್ಳಿ ಮಗುವಿಗಿಂತ ಇವನೇ ದಪ್ಪ” ಎಂದಳು.

ಆಚೆ ಬದಿಗೆ ಕೂರುವುದು ಅಜ್ಜಿ. ಶರಣವ್ವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಣಕೈ ಪಕ್ಕೆಗೆ ಒತ್ತಿದಳು. ಕೈ ಚಾಚಿದ್ದೇ ತಡ, ನಲವತ್ತು ಕಣ್ಣು ಅದರ ಮೇಲೆ ಬಿದ್ದವು. ಕೈ ಹುಚ್ಚೆದ್ದು ಕುಣಿಯತೊಡಗಿತು. ಗುಸುಗುಸು ಎದ್ದಿತು. ವಿಜಯಪುರದಿಂದ ಬಂದಿದ್ದ ಒಬ್ಬ ಮುದುಕಿ ಕೇಳಿಯೇಬಿಟ್ಟಳು. “ಯಾಕ ಶರಣವ್ವಾ, ಕೈ ಯಾಕ ನಡಗಾಕತ್ತಾವ?”

“ನಡಗ್ತಾವ” ಎಂದಳು ಶರಣವ್ವ, ಎಲ್ಲರಿಗೂ ಕೇಳುವಂತೆ. “ಆರು ವರ್ಷ ಆತು. ನಮ್ಮಪ್ಪನವೂ ನಡಗತಿದ್ದು. ಅಂವ ಕುಡೀತಿರಲಿಲ್ಲ, ನಾನೂ ಕುಡಿಯಂಗಿಲ್ಲ. ಮತ್ತೇನರ ಕೇಳೂದೈತೇನು?”

ಬಾಗಿಲಲ್ಲಿ ನಿಂತ ಶಿವಪುತ್ರಪ್ಪ ಟೊಪ್ಪಿಗೆ ಸರಿಮಾಡಿಕೊಳ್ಳುವ ನೆವದಲ್ಲಿ ಕಣ್ಣೊರೆಸಿಕೊಂಡ.

ಕಲ್ಲು ತೊಟ್ಟಿಲ ಕೆಳಗಿನಿಂದ ಬಂದು ಅವಳ ಅಂಗೈಯಲ್ಲಿ ಕೂತಿತು. ಭಾರ ಬಿತ್ತು. ಕೈ ಒಮ್ಮೆ ಇಳಿಯಿತು, ಆಮೇಲೆ ತಡೆಯಿತು. ನಡುಕ ನಿಂತೇಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ ಕುಣಿತ ಹೋಗಿ ಒಳಗೊಳಗೇ ಸಣ್ಣಗೆ ಮಿಡಿಯುವಷ್ಟಕ್ಕೆ ತಗ್ಗಿತು. ಒಂದು ಸಲ, ಎರಡು ಸಲ, ಮೂರು ಸಲ. ಆರು ಕಿಲೋ ಕಲ್ಲು ಬೀಳಲಿಲ್ಲ. ಡಾಕ್ಟರು ಸುಳ್ಳು ಹೇಳಿರಲಿಲ್ಲ ಎಂದು ಶರಣವ್ವನಿಗೆ ಆಗ ನಂಬಿಕೆ ಬಂತು.

“ಈಗ ಬಾಳ, ನಮ್ಮ ಕೂಸು” ಎಂದಳು ಶುಭಾಂಗಿ. ತೊಟ್ಟಿಲ ಕೆಳಗೆ ಬಗ್ಗಿ ಮಗಳನ್ನು ಚಾಚಿದಳು.

ಕೂಸು ಬಂತು. ಕಲ್ಲಿನಷ್ಟು ಭಾರವಿಲ್ಲ, ಆದರೆ ಬೆಚ್ಚಗಿತ್ತು. ಶರಣವ್ವ ಎರಡೂ ಕೈಯಿಂದ ಹಿಡಿದು ಎದೆಗೆ ಒತ್ತಿಕೊಂಡಳು. ನೆತ್ತಿಯ ಎಣ್ಣೆವಾಸನೆ ಮೂಗಿಗೆ ಬಂತು. ಕೂಸು ಕಣ್ಣು ಪಿಳಿಪಿಳಿ ಬಿಟ್ಟು ಈ ಹೊಸ ಮುಖವನ್ನು ನೋಡಿತು. ಶರಣವ್ವ ಉಸಿರೇ ಬಿಡದೆ ಕೂತಿದ್ದಳು. ಬೀಳಲಿಲ್ಲ. ಮತ್ತಷ್ಟು ಹೊತ್ತು ಕೂತಳು. ಆಗಲೂ ಬೀಳಲಿಲ್ಲ.

ಹೆಂಗಸರು ಕಾದರು. ಕೂಸು ಮರಳಿ ತೊಟ್ಟಿಲ ಮೇಲಿನಿಂದ ಬರಬೇಕಿತ್ತು. ಇನ್ನೂ ಎರಡು ಸುತ್ತು ಬಾಕಿ. ಶೈಲಾ ಹೆಸರು ಹೇಳಲು ಬಾಯಿ ತೆರೆದು ನಿಂತವಳು ಮುಚ್ಚಿಕೊಂಡಳು. ಮೊಬೈಲ್ ಹಿಡಿದು ಹಿಡಿದು ಅನಿಕೇತ್‌ನ ಕೈ ಸೋತವು.

“ಅವ್ವಾ, ಕೊಡು. ಹೊತ್ತಾತು” ಎಂದಳು ಶೈಲಾ.

ಶರಣವ್ವ ಕೂಸಿನ ನೆತ್ತಿ ಮೂಸಿದಳು.

“ಆಯಿ” ಎಂದಳು ಶುಭಾಂಗಿ. ಅವಳ ಮುಖ ನಗುತ್ತಿತ್ತು. “ಕೊಡಿ ನಾ. ಮತ್ತೆ ತಗೊಳ್ಳಿ. ನಾನು ಎಲ್ಲಿಗೂ ಹೋಗಲ್ಲ.”

ಶರಣವ್ವ ಕೂಸಿನ ಮುಖದಿಂದ ಕಣ್ಣೆತ್ತಲಿಲ್ಲ.

“ತಡಿಯವ್ವಾ” ಎಂದಳು. “ನನ್ನ ಮೊಮ್ಮಗಳು ಈಗಷ್ಟ ಬಂದಾಳ.”