ಜವರಮ್ಮನ ನೀರು ಮಾತ್ರೆ

ಜಾವಳಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳಿಗೆ ಕೊಡುವ ಲೈನ್ ಮನೆಯಲ್ಲಿ ಬೆಳೆದ ಭವ್ಯಾ ಡಾಕ್ಟರಾಗುವ ಹೊತ್ತಿಗೆ ಅವಳ ಅವ್ವ ಜವರಮ್ಮನ ಹೃದಯ ಸೋತಿತ್ತು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಒಂದು ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಅದು ಸರಿಯಾಗಿ ತೆರೆಯದೆ ರಕ್ತ ಹಿಂದೆ ನಿಲ್ಲುತ್ತಿತ್ತು. ಶ್ವಾಸಕೋಶದಲ್ಲೂ ಪಾದದಲ್ಲೂ ನೀರು ತುಂಬುತ್ತಿತ್ತು. ಏರು ಹತ್ತಿದರೆ ಏದುಸಿರು. ಆದರೂ ಪುಣ್ಯಾತಗಿತ್ತಿ ಕಾಫಿ ಕುಯ್ಲು ಬಿಡಲಿಲ್ಲ. ಕೆಲಸ ಬಿಟ್ಟರೆ ಲೈನ್ ಮನೆಯನ್ನೂ ಬಿಡಬೇಕಲ್ಲ!

ಎರಡು ಸಾವಿರದ ಮೂರನೇ ಇಸವಿ. ಭವ್ಯಾ ಮಂಗಳೂರಿನಲ್ಲಿ ಹೌಸ್ ಸರ್ಜನ್. ವಾರ್ಡಿನಲ್ಲಿ ನಿಂತು ನಿಂತು ಜೀವ ಹಣ್ಣಾಗಿರುತ್ತಿತ್ತು. ರಜೆ ಸಿಕ್ಕ ಭಾನುವಾರ ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ತೂಕಡಿಸುತ್ತ ಬಂದು, ಮೊದಲು ಅವ್ವನ ಪಾದ ಒತ್ತಿ ನೋಡುವಳು. ಒತ್ತಿದಲ್ಲಿ ಗುಳಿ ಬೀಳುತ್ತಿತ್ತು. ತಾನು ತಂದುಕೊಟ್ಟ ಮಾತ್ರೆ ಖಾಲಿಯಾಗಿದೆ, ಬಾವು ಇಳಿದಿಲ್ಲ. ಹಾಗಾದರೆ ಔಷಧಿ ಸಾಲುತ್ತಿಲ್ಲ ಎಂದು ಲೆಕ್ಕ ಹಾಕಿದಳು. ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ಆ ಮಾತ್ರೆಯನ್ನು, ಪ್ರೊಫೆಸರನ್ನು ಕೇಳಿ, ಬೆಳಿಗ್ಗೆ ಒಂದಿದ್ದದ್ದು ಎರಡು ಮಾಡಿದಳು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆ ಮುಕ್ಕಾಲಿಗೆ ಸುಸ್ತಾದವರ ಹತ್ತಿರ ಪುರುಸೊತ್ತು ಎಲ್ಲಿರುತ್ತದೆ?

ಮುಂದಿನ ಸಲ ಬಂದಾಗ ಜವರಮ್ಮ ಮನೆಯ ಹಿಂದೆ ಬಿದ್ದಿದ್ದಳು. ನಾಲಿಗೆ ಒಣಗಿ ಕೊರಡಾಗಿತ್ತು, ನಾಡಿ ತಪ್ಪಿ ತಪ್ಪಿ ಬಡಿಯುತ್ತಿತ್ತು. ಎಸ್ಟೇಟಿನ ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಸಾಗಿಸಿದರು. ಮೈಯ ನೀರೂ ಲವಣವೂ ಬಸಿದುಹೋಗಿ ಬಿ.ಪಿ. ಇಳಿದಿದೆ ಎಂದರು ಅಲ್ಲಿಯ ಡಾಕ್ಟರು. ಸೋತ ಹೃದಯಕ್ಕೆ ಡ್ರಿಪ್ ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಭವ್ಯಾ ಪಕ್ಕದಲ್ಲೇ ಕೂತು ಹನಿ ಬೀಳುವುದನ್ನು ನೋಡುತ್ತಿದ್ದಳು. ಅವ್ವ ಹೋಗಿಬಿಟ್ಟರೆ ಎಂಬ ಹೆದರಿಕೆಗೆ ಓದಿದ್ದೆಲ್ಲ ಮರೆತುಹೋಗಿತ್ತು.

ಸಂಜೆ ಜವರಮ್ಮ ಕಣ್ಣು ಬಿಟ್ಟಳು. ಕೇಳಿ ಕೇಳಿ ಬಾಯಿ ಬಿಡಿಸಿದ ಮೇಲೆ ನಿಜ ಹೊರಬಿತ್ತು. ಕುಯ್ಲಿನ ದಿನ ಅವಳು ಮಾತ್ರೆ ಮುಟ್ಟುತ್ತಲೇ ಇರಲಿಲ್ಲ. ಮಗಳು ತಂದದ್ದನ್ನು ಎಸೆಯಲು ಮನಸ್ಸು ಬಾರದೆ, ವಾರದ್ದನ್ನೆಲ್ಲ ಕೂಡಿಟ್ಟು ಕೆಲಸವಿಲ್ಲದ ಭಾನುವಾರ ಒಟ್ಟಿಗೇ ನುಂಗುತ್ತಿದ್ದಳು. ಒಂದೊಂದಾಗಿದ್ದಾಗ ಹೇಗೋ ತಡೆದ ಜೀವ, ಎರಡೆರಡಾದ ಮೇಲೆ ಮಲಗಿಬಿಟ್ಟಿತು.

"ಅದು ನುಂಗಿದ್ರೆ ಗಳಿಗೆಗೊಂದ್ಸಲ ಎದ್ದು ಹೋಗ್ಬೇಕು ಮಗಾ," ಎಂದಳು. "ಸುತ್ತ ಗಂಡಾಳುಗಳು, ಹಿಂದೇನೇ ಮೇಸ್ತ್ರಿ. ತೋಟದಲ್ಲಿ ಎಲ್ಲಿಗೆ ಹೋಗ್ಲಿ?"

"ನಂಗೆ ಹೇಳ್ಬಾರ್ದಿತ್ತಾ ಅವ್ವಾ?"

"ಡಾಕ್ಟ್ರಾಗಿದೀಯ. ನಿನ್ನತ್ರ ಇಂಥದ್ದೆಲ್ಲ ಹೇಳಕ್ಕೆ ನಾಚ್ಕೆ ಆಯ್ತು."

ವಾರ್ಡಿನಲ್ಲಿ ಕಂಡವರನ್ನೆಲ್ಲ ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ ಎಂದು ಕೇಳುತ್ತಿದ್ದ ಭವ್ಯಾ ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ. ಇನ್ನು ಮೇಲೆ ದಿನಕ್ಕೆ ಒಂದೇ ಮಾತ್ರೆ, ಅದೂ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ನುಂಗು ಎಂದಳು.

"ಹಂಗೂ ನುಂಗ್ಬೋದಾ?" ಎಂದಳು ಜವರಮ್ಮ.

ನುಂಗಬಹುದಿತ್ತು. ಮೊದಲ ದಿನದಿಂದಲೂ ನುಂಗಬಹುದಿತ್ತು.